ಪ್ರೀತಿ ಯಾರನ್ನು ಖುಲಾಸೆ ಮಾಡುತ್ತದೆ?

ಅಮೆರಿಕದ ವಯೋಮಿಂಗ್ ರಾಜ್ಯದ ವಸ್ತುಸಂಗ್ರಹಾಲಯದಲ್ಲಿ ಒಂದು ಜೊತೆ ಮೊಕ್ಕಾಸಿನ್ ಇದೆ. ಮೆತ್ತನೆಯ ತೊಗಲು, ಮೇಲೆ ಸಣ್ಣ ಮಣಿಗಳ ಕಸೂತಿ; ಅಲ್ಲಿನ ಮೂಲನಿವಾಸಿಗಳು ಕೈಯಲ್ಲೇ ಹೊಲಿಯುವ ಪಾದರಕ್ಷೆ ಅದು. 1889ರ ಜುಲೈ 20ರಂದು ಎಲೆನ್ ವಾಟ್ಸನ್ ಎಂಬಾಕೆ ಅದನ್ನು ಮೆಟ್ಟಿಕೊಂಡಿದ್ದಳು. ಆ ದಿನ ಆರು ಮಂದಿ ದನದ ರ‍್ಯಾಂಚುಗಳ ಒಡೆಯರು ಅವಳನ್ನೂ ಜಿಮ್ ಆವೆರಿಲ್ ಎಂಬವನನ್ನೂ ಬಲವಂತವಾಗಿ ಗಾಡಿ ಹತ್ತಿಸಿ, ಸ್ವೀಟ್‌ವಾಟರ್ ನದಿಯ ಬಳಿಯ ಕಲ್ಲುಕೊರಕಲಿಗೆ ಒಯ್ದು, ಮರಕ್ಕೆ ನೇಣು ಹಾಕಿದರು. ಮೊಕ್ಕಾಸಿನ್ ಕಾಲಿನಿಂದ ಕಳಚಿ ನೆಲಕ್ಕೆ ಬಿತ್ತು. ಆಕೆಗೆ ಮೂವತ್ತು ತುಂಬಿರಲಿಲ್ಲ. ಕೆನಡಾದಲ್ಲಿ ಹುಟ್ಟಿ, ಕಾನ್ಸಾಸ್‌ನಲ್ಲಿ ಬೆಳೆದು, ಹೊಡೆಯುವ ಗಂಡನನ್ನು ಬಿಟ್ಟು ವಿಚ್ಛೇದನ ಪಡೆದು, ಪಶ್ಚಿಮಕ್ಕೆ ಬಂದು, ರಾಲಿನ್ಸ್ ಊರಿನ ಒಂದು ವಸತಿಗೃಹದಲ್ಲಿ ಅಡುಗೆ ಮತ್ತು ಮನೆಗೆಲಸ ಮಾಡಿಕೊಂಡಿದ್ದವಳು. ಆವೆರಿಲ್ ಹೆದ್ದಾರಿಯ ಬದಿಯಲ್ಲಿ ಅಂಗಡಿಯನ್ನೂ ಮದ್ಯದಂಗಡಿಯನ್ನೂ ನಡೆಸುತ್ತಿದ್ದ. ಆ ಭಾಗದ ಅಂಚೆಯ ಕೆಲಸವೂ ಅವನದೇ. ದೊಡ್ಡ ಒಡೆಯರು ಸರ್ಕಾರಿ ಭೂಮಿಯನ್ನು ಕಬಳಿಸುತ್ತಿದ್ದಾರೆ ಎಂದು ಪತ್ರಿಕೆಗೆ ಕಾಗದ ಬರೆದು ಅವರ ಸಿಟ್ಟಿಗೆ ಗುರಿಯಾಗಿದ್ದವನು.

ಈ ಸಾವಿನ ಬಗ್ಗೆ ಎರಡು ಬಗೆಯ ಕಾಗದಗಳು ಉಳಿದಿವೆ. ಒಂದು, ರಾಜಧಾನಿ ಶಯೆನ್‌ನ ಪತ್ರಿಕೆಗಳು ಮರುದಿನಗಳಲ್ಲಿ ಅಚ್ಚು ಹಾಕಿದ ಕಥೆ. ಅದರಲ್ಲಿ ಎಲೆನ್ ‘ಕ್ಯಾಟಲ್ ಕೇಟ್’. ವೇಶ್ಯೆ, ದನಗಳ್ಳಿ, ಮೈಮಾರಿ ಕದ್ದ ಕರುಗಳನ್ನು ಕೂಲಿಯಾಗಿ ಪಡೆಯುವವಳು. ಬೇರೆ ಊರಿನ ಬೇರೆ ಹೆಂಗಸಿನ ಹೆಸರನ್ನೂ ಕುಖ್ಯಾತಿಯನ್ನೂ ತಂದು ಇವಳ ತಲೆಗೆ ಕಟ್ಟಿದ್ದರು. ಇನ್ನೊಂದು, ಸರ್ಕಾರಿ ಕಡತಗಳಲ್ಲಿ ಸದ್ದಿಲ್ಲದೆ ಕೂತಿದ್ದ ದಾಖಲೆಗಳು. 1886ರ ಮೇ ತಿಂಗಳಲ್ಲಿ ಲ್ಯಾಂಡರ್ ಊರಿನಲ್ಲಿ ಅವಳು ಮತ್ತು ಆವೆರಿಲ್ ಮದುವೆಯ ಪರವಾನಗಿಗೆ ಹಾಕಿದ ಅರ್ಜಿ. 1888ರಲ್ಲಿ ಅವಳ ಹೆಸರಿನಲ್ಲಿ ಜಮೀನಿಗೆ ಹಾಕಿದ ಅರ್ಜಿ. ದನಗಳಿಗೆ ಹಾಕಲು ಅವಳು ಕೊಂಡುಕೊಂಡ ‘ಎಲ್‌ಯು’ ಎಂಬ ಬರೆಯ ಗುರುತು. ಹತ್ತೊಂಬತ್ತನೇ ಶತಮಾನದ ಒಬ್ಬ ಒಂಟಿ ಹೆಂಗಸು ತನ್ನ ಕಾಲ ಮೇಲೆ ತಾನು ನಿಲ್ಲಲು ಏನೇನು ಮಾಡಬೇಕೋ ಅದನ್ನೆಲ್ಲ ಕ್ರಮವಾಗಿ ಮಾಡಿದ್ದಕ್ಕೆ ಇವು ಸಾಕ್ಷಿ. ಅವಳ ಜಮೀನು ಆಲ್ಬರ್ಟ್ ಬಾತ್‌ವೆಲ್ ಎಂಬ ದೊಡ್ಡ ಒಡೆಯ ತನ್ನದೇ ಎಂದು ಬಳಸುತ್ತಿದ್ದ ಹುಲ್ಲುಗಾವಲಿನ ನಡುವೆ ಇತ್ತು. ನೇಣು ಹಾಕಿದ ಆರು ಜನರಲ್ಲಿ ಅವನೂ ಒಬ್ಬ. ಶವಪರೀಕ್ಷೆಯ ಪಂಚರು ಆ ಆರೂ ಹೆಸರುಗಳನ್ನು ದಾಖಲಿಸಿದರು. ಆದರೆ ವಿಚಾರಣೆ ನಡೆಯುವ ಹೊತ್ತಿಗೆ ಒಬ್ಬ ಸಾಕ್ಷಿ ಸತ್ತಿದ್ದ, ಇನ್ನೊಬ್ಬ ಕಣ್ಮರೆಯಾಗಿದ್ದ. ಯಾರಿಗೂ ಶಿಕ್ಷೆಯಾಗಲಿಲ್ಲ. ಇಬ್ಬರ ಜಮೀನೂ ಮುಂದೆ ಬಾತ್‌ವೆಲ್‌ನ ಕೈಸೇರಿತು. ಅಚ್ಚಾದ ಸುಳ್ಳು ಸುಮಾರು ನೂರು ವರ್ಷ ಇತಿಹಾಸವೆಂದೇ ಓಡಾಡಿತು.

ಅಮೆರಿಕದ ಪಶ್ಚಿಮವನ್ನು ಹಿನ್ನೆಲೆಯಾಗಿಟ್ಟುಕೊಂಡ ಐತಿಹಾಸಿಕ ಪ್ರಣಯ ಕಾದಂಬರಿಗಳ ಬೆನ್ನಮೇಲೆ ‘ನಿಜ ಜೀವನದಿಂದ ಪ್ರೇರಿತ’ ಎಂಬ ಮಾತು ಈಗ ಬಹಳ ಕಾಣುತ್ತದೆ. ಮಾರಾಟಕ್ಕೆ ಒಳ್ಳೆಯ ಮಾತು. ಆದರೆ ಯಾವ ಕಾಗದದಿಂದ ಪ್ರೇರಿತ, ಶಯೆನ್‌ನ ಪತ್ರಿಕೆಯಿಂದಲೋ ಲ್ಯಾಂಡರ್‌ನ ಪರವಾನಗಿಯಿಂದಲೋ ಎಂದು ಕೇಳದೆ ಈ ಮಾತನ್ನು ಒಪ್ಪಿಕೊಳ್ಳಬಾರದು. ಏಕೆಂದರೆ ಈ ಪ್ರಕಾರದ ಮೂಲದಲ್ಲೇ ಆ ಪ್ರಶ್ನೆ ಇದೆ. ಕೌಬಾಯ್ ಕಾದಂಬರಿಗಳ ಆದಿಕೃತಿ ಎನ್ನಿಸಿಕೊಂಡದ್ದು ಓವೆನ್ ವಿಸ್ಟರ್ 1902ರಲ್ಲಿ ಪ್ರಕಟಿಸಿದ ‘ದ ವರ್ಜೀನಿಯನ್’. ಪೂರ್ವದ ಸಿರಿವಂತ ಮನೆಯ ವಿಸ್ಟರ್ ಆರೋಗ್ಯ ಸುಧಾರಿಸಿಕೊಳ್ಳಲು 1885ರಲ್ಲಿ ಮೊದಲ ಬಾರಿ ವಯೋಮಿಂಗ್‌ಗೆ ಬಂದ. ಕಂಡದ್ದನ್ನು ದಿನಚರಿಯಲ್ಲಿ ಬರೆದಿಟ್ಟ. ಆ ಬೇಸಿಗೆ ಅವನು ಉಳಿದುಕೊಂಡದ್ದು ಮೇಜರ್ ಫ್ರಾಂಕ್ ವೊಲ್ಕಾಟ್‌ನ ರ‍್ಯಾಂಚಿನಲ್ಲಿ. ಏಳು ವರ್ಷದ ನಂತರ, 1892ರ ಏಪ್ರಿಲ್‌ನಲ್ಲಿ, ಸಣ್ಣ ರೈತರನ್ನು ‘ದನಗಳ್ಳರು’ ಎಂದು ಪಟ್ಟಿ ಮಾಡಿ ಕೊಲ್ಲಲು ಜಾನ್ಸನ್ ಕೌಂಟಿಗೆ ನುಗ್ಗಿದ ಸುಮಾರು ಐವತ್ತು ಜನರ ದಂಡಿಗೆ ಇದೇ ವೊಲ್ಕಾಟ್ ಮುಖಂಡ. ಅಲ್ಲೂ ಯಾರಿಗೂ ಶಿಕ್ಷೆಯಾಗಲಿಲ್ಲ. ವಿಸ್ಟರ್‌ನ ನಾಯಕ ದನ ಕದ್ದನೆಂದು ತನ್ನ ಗೆಳೆಯನನ್ನೇ ವಿಚಾರಣೆಯಿಲ್ಲದೆ ನೇಣಿಗೇರಿಸುತ್ತಾನೆ. ವರ್ಮಾಂಟ್‌ನಿಂದ ಬಂದ ಶಾಲಾ ಶಿಕ್ಷಕಿ ಮಾಲಿ ವುಡ್ ಇದನ್ನು ತಿಳಿದು ನಡುಗುತ್ತಾಳೆ. ಆಗ ಒಬ್ಬ ನ್ಯಾಯಾಧೀಶ ಅವಳನ್ನು ಕೂರಿಸಿಕೊಂಡು ಇಂಥ ನೇಣು ಏಕೆ ಸರಿ ಎಂದು ವಾದ ಮಾಡುತ್ತಾನೆ. ಕೊನೆಗೆ ಅವಳು ನಾಯಕನನ್ನು ಮದುವೆಯಾಗುತ್ತಾಳೆ.

ನನ್ನ ವಾದ ಇರುವುದು ಆ ಮದುವೆಯಲ್ಲಿ. ಪ್ರಣಯ ಕಾದಂಬರಿಯಲ್ಲಿ ನಾಯಕಿ ಹೂಂ ಎನ್ನುವುದಕ್ಕೆ ಮದುವೆಗಿಂತ ಹೆಚ್ಚಿನ ತೂಕ ಇದೆ. ನಾಯಕ ಇಲ್ಲಿಯವರೆಗೆ ಮಾಡಿದ್ದನ್ನೆಲ್ಲ ತೂಗಿ ನೋಡಿ ಕೊಡುವ ತೀರ್ಪು ಅದು. ಓದುಗರ ಮನಸ್ಸು ಅವಳ ಮನಸ್ಸಿನೊಳಗೆ ಕೂತಿರುತ್ತದೆ. ಅವಳು ಒಪ್ಪಿದರೆ ನಾವೂ ಒಪ್ಪಿದಂತೆ. ಇಡೀ ಕಥೆ ಕಲ್ಪಿತವಾಗಿದ್ದರೆ ಆ ತೀರ್ಪು ಕಲ್ಪಿತ ಮನುಷ್ಯನ ಮೇಲೆ ಮಾತ್ರ ಬೀಳುತ್ತದೆ. ಸಾಮಗ್ರಿ ನಿಜ ಜೀವನದ್ದಾದರೆ ತೀರ್ಪು ನಿಜವಾದ ಸಾವುಗಳ ಮೇಲೆ, ನಿಜವಾದ ಕೊಲೆಗಾರರ ಮೇಲೆ ಬೀಳುತ್ತದೆ. ಮಾಲಿ ವುಡ್‌ಳ ಒಪ್ಪಿಗೆಯಲ್ಲಿ ವೊಲ್ಕಾಟ್‌ನಂಥವರಿಗೂ ಖುಲಾಸೆ ಸಿಕ್ಕಿತು. ನ್ಯಾಯಾಲಯ ಮಾಡದೆ ಬಿಟ್ಟ ಕೆಲಸವನ್ನು ಕಾದಂಬರಿಯ ಪ್ರೀತಿ ಮುಗಿಸಿಕೊಟ್ಟಿತು. ಆದ್ದರಿಂದ ನಿಜ ಜೀವನದಿಂದ ಪ್ರೇರಣೆ ಪಡೆದೆ ಎನ್ನುವ ಲೇಖಕರನ್ನು ದಿನಾಂಕ ಸರಿಯಿದೆಯೇ, ಉಡುಪು ಸರಿಯಿದೆಯೇ ಎಂದು ಕೇಳುವುದಕ್ಕೆ ಮೊದಲು, ನಿಮ್ಮ ಕಥೆಯ ಪ್ರೀತಿ ಯಾರನ್ನು ಖುಲಾಸೆ ಮಾಡುತ್ತಿದೆ ಎಂದು ಕೇಳಬೇಕು.

ಕನ್ನಡದ ಓದುಗರಿಗೆ ಈ ಜಗತ್ತು ಪೂರ್ತಿ ಅಪರಿಚಿತವಲ್ಲ. ದ್ವಾರಕೀಶ್ ಅವರ ‘ಕೌಬಾಯ್ ಕುಳ್ಳ’ ನೋಡಿ ನಕ್ಕವರು ನಮ್ಮಲ್ಲಿದ್ದಾರೆ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ ‘ಶೋಲೆ’ಯ ಕುದುರೆ, ಬಂದೂಕು, ರೈಲು ದರೋಡೆ ಎಲ್ಲವೂ ಆ ಪಶ್ಚಿಮದ ಚಿತ್ರಗಳಿಂದ ಬಂದವೇ. ಆದರೆ ನಮಗೆ ತಲುಪಿದ ಪಶ್ಚಿಮ ಹೆಚ್ಚಾಗಿ ಗಂಡಸರ ಪಶ್ಚಿಮ. ಗುಂಡು ಹಾರಿದ ಮೇಲೆ ಧೂಳಿನಲ್ಲಿ ಒಬ್ಬ ಬಿದ್ದಿರುತ್ತಾನೆ, ಇನ್ನೊಬ್ಬ ಕುದುರೆ ಏರಿ ಹೋಗುತ್ತಾನೆ. ಪ್ರಣಯ ಕಾದಂಬರಿ ಈ ಕಥೆಗೆ ಮನೆ, ಜಮೀನು, ಮದುವೆ, ಬಸಿರು, ಚಳಿಗಾಲಕ್ಕೆ ಕೂಡಿಟ್ಟ ದಿನಸಿ ಇವನ್ನೆಲ್ಲ ತಂದಿತು. ಇದು ಸಣ್ಣ ಕೊಡುಗೆಯಲ್ಲ. ಪಶ್ಚಿಮದ ನಿಜವಾದ ಇತಿಹಾಸ ನಡೆದದ್ದು ಬಹುಮಟ್ಟಿಗೆ ಅಲ್ಲೇ, ಪಹಣಿಯಲ್ಲಿ ಯಾರ ಹೆಸರು ಎಂಬ ಜಗಳದಲ್ಲಿ.

1862ರ ಹೋಮ್‌ಸ್ಟೆಡ್ ಕಾಯ್ದೆಯನ್ನೇ ನೋಡಿ. ಇಪ್ಪತ್ತೊಂದು ತುಂಬಿದವರು, ಅಥವಾ ಕುಟುಂಬದ ಯಜಮಾನಿಕೆ ಹೊತ್ತವರು, 160 ಎಕರೆ ಸರ್ಕಾರಿ ಭೂಮಿಗೆ ಅರ್ಜಿ ಹಾಕಬಹುದು. ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಿದರೆ ಭೂಮಿ ಅವರದು. ಅವಿವಾಹಿತೆ, ವಿಧವೆ, ವಿಚ್ಛೇದಿತೆ ಎಲ್ಲರಿಗೂ ಈ ಬಾಗಿಲು ತೆರೆದಿತ್ತು. ಗಂಡನ ಜೊತೆ ಬಾಳುವ ಹೆಂಡತಿಗೆ ಮಾತ್ರ ತನ್ನ ಹೆಸರಿನಲ್ಲಿ ಅರ್ಜಿ ಹಾಕಲು ಸಾಮಾನ್ಯವಾಗಿ ಅವಕಾಶವಿರಲಿಲ್ಲ. ಅಂದರೆ ಪ್ರೀತಿಗೂ ಭೂಮಿಗೂ ಕಾನೂನೇ ಜಗಳ ಹಚ್ಚಿಟ್ಟಿತ್ತು. ಮದುವೆಯಾದರೆ ಎರಡನೇ 160 ಎಕರೆ ಕೈತಪ್ಪುತ್ತದೆ, ಆಗದಿದ್ದರೆ ಊರವರ ಬಾಯಿಗೆ ಬೀಳಬೇಕು. ಎಲೆನ್ ಮತ್ತು ಆವೆರಿಲ್ ತಮ್ಮ ಮದುವೆಯನ್ನು ಗುಟ್ಟಾಗಿ ಇಟ್ಟದ್ದಕ್ಕೆ ಇದೇ ಕಾರಣ ಎಂದು ಅವರ ಬದುಕನ್ನು ಕೆದಕಿದ ಸಂಶೋಧಕರು ಹೇಳುತ್ತಾರೆ. ಆ ಗುಟ್ಟಿನಿಂದಲೇ ಅವಳನ್ನು ಸೂಳೆ ಎಂದು ಬರೆಯುವುದು ಪತ್ರಿಕೆಗಳಿಗೆ ಸುಲಭವಾಯಿತು. ಪ್ರಣಯ ಕಾದಂಬರಿಗಳಲ್ಲಿ ನಾಯಕ ನಾಯಕಿಯರನ್ನು ದೂರವಿಡಲು ಲೇಖಕರು ತಪ್ಪು ತಿಳಿವಳಿಕೆ, ಕದ್ದು ಕೇಳಿದ ಮಾತು, ಕಳೆದುಹೋದ ಕಾಗದ ಎಂದೆಲ್ಲ ಹೆಣಗುತ್ತಾರೆ. ಇಲ್ಲಿ ಆ ಅಡ್ಡಗೋಡೆಯನ್ನು ಸರ್ಕಾರವೇ ಕಟ್ಟಿಕೊಟ್ಟಿದೆ.

ಇದೇ ಕಾಯ್ದೆಯ ನೆರಳಿನಲ್ಲಿ ನಡೆದ ಇನ್ನೊಂದು ಬದುಕು ಎಲಿನೋರ್ ಪ್ರುಯಿಟ್ ಸ್ಟೀವರ್ಟ್‌ಳದು. ಡೆನ್ವರ್‌ನಲ್ಲಿ ಬಟ್ಟೆ ಒಗೆದು, ಮನೆಗೆಲಸ ಮಾಡಿ ಬದುಕುತ್ತಿದ್ದ ಈಕೆ 1909ರಲ್ಲಿ ಪುಟ್ಟ ಮಗಳನ್ನು ಕಟ್ಟಿಕೊಂಡು ವಯೋಮಿಂಗ್‌ನ ಬರ್ನ್ಟ್ ಫೋರ್ಕ್‌ನಲ್ಲಿದ್ದ ಕ್ಲೈಡ್ ಸ್ಟೀವರ್ಟ್ ಎಂಬ ಸ್ಕಾಟ್ಲೆಂಡ್ ಮೂಲದ ರೈತನ ಮನೆಗೆ ಕೆಲಸಕ್ಕೆ ಹೋದಳು. ಅವನ ಜಮೀನಿಗೆ ಒತ್ತಿಕೊಂಡಂತೆ ತನ್ನ ಹೆಸರಿಗೆ ಅರ್ಜಿ ಹಾಕಿದಳು. ಕೆಲವೇ ದಿನಗಳಲ್ಲಿ ಅವನನ್ನೇ ಮದುವೆಯಾದಳು. ಡೆನ್ವರ್‌ನಲ್ಲಿದ್ದ ತನ್ನ ಹಿಂದಿನ ಯಜಮಾನಿಗೆ ಬರೆಯುತ್ತಿದ್ದ ಪತ್ರಗಳಲ್ಲಿ ಈ ಸಂಗತಿಯನ್ನು ಬಹಳ ಕಾಲ ಬಚ್ಚಿಟ್ಟಳು. ಆ ಪತ್ರಗಳು ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಬಂದು, 1914ರಲ್ಲಿ ‘ಲೆಟರ್ಸ್ ಆಫ್ ಎ ವುಮನ್ ಹೋಮ್‌ಸ್ಟೆಡರ್’ ಎಂಬ ಪುಸ್ತಕವಾಗಿ ಮನೆಮಾತಾದವು. ಒಬ್ಬಳೇ ಹೆಂಗಸು ಭೂಮಿ ಗೆಲ್ಲಬಲ್ಲಳು ಎಂಬುದಕ್ಕೆ ಅದು ಉದಾಹರಣೆಯಾಯಿತು. ಅವಳ ಮನೆಯನ್ನು ಗಂಡನ ಮನೆಗೆ ಸೇರಿಸಿಯೇ ಕಟ್ಟಿದ್ದರು. ಹೆಸರಿಗೆ ಅವಳದು ಬೇರೆ ಸೂರು, ನಡುವೆ ಇದ್ದದ್ದು ಒಂದು ಗೋಡೆ. ಸಂಶೋಧಕರು ಕಡತ ತೆರೆದಾಗ ಬೇರೆಯೇ ವಿವರ ಸಿಕ್ಕಿತು. 1912ರಲ್ಲಿ ಆಕೆ ತನ್ನ ಹಕ್ಕನ್ನು ಬಿಟ್ಟುಕೊಟ್ಟಿದ್ದಳು. ಜಮೀನು ಅತ್ತೆಯ ಹೆಸರಿಗೆ ಹೋಗಿತ್ತು. ಪುಸ್ತಕದಲ್ಲಿ ಇದರ ಸೊಲ್ಲೇ ಇಲ್ಲ. ಇದನ್ನು ಮೋಸ ಎಂದು ಕರೆಯಲು ನನಗೆ ಮನಸ್ಸಿಲ್ಲ. ತಾನು ಗೆದ್ದೆ ಎಂದು ಹೇಳಿಕೊಳ್ಳಲು ಇಷ್ಟು ಆಸೆಪಟ್ಟ ಹೆಂಗಸು, ಮದುವೆಯಿಂದ ಸುಖ ಪಡೆದು ಅದೇ ಮದುವೆಯಿಂದ ಭೂಮಿ ಕಳೆದುಕೊಂಡದ್ದು, ಕಳೆದುಕೊಂಡದ್ದನ್ನು ಕಾಗದದಲ್ಲಿ ಉಳಿಸಿಕೊಂಡದ್ದು, ಇದಕ್ಕಿಂತ ಆಳವಾದ ಪ್ರಣಯದ ವಸ್ತು ನನಗೆ ಗೊತ್ತಿಲ್ಲ. ಆದರೆ ಅವಳ ಕಥೆಯನ್ನು ‘ಒಂಟಿ ಹೆಣ್ಣಿನ ಗೆಲುವು’ ಎಂದಷ್ಟೇ ಎತ್ತಿಕೊಂಡವರು ಆ ಕಾನೂನನ್ನು ಖುಲಾಸೆ ಮಾಡಿದಂತಾಗುತ್ತದೆ.

ವಧು ಬೇಕೆಂಬ ಜಾಹೀರಾತು ನೋಡಿ ಪಶ್ಚಿಮಕ್ಕೆ ಬಂದ ವಧುಗಳ ಕಥೆ ಈ ಪ್ರಕಾರದ ಅಚ್ಚುಮೆಚ್ಚು. ಅದರ ಹಿಂದಿರುವ ನಿಜದ ಘಟನೆಗಳಲ್ಲಿ ಹೆಸರಾದದ್ದು ಏಸಾ ಮರ್ಸರ್‌ನ ಸಾಹಸ. 1864ರಲ್ಲಿ ಅವನು ಮ್ಯಾಸಚೂಸೆಟ್ಸ್‌ನ ಲೋವೆಲ್‌ನಿಂದ ಹನ್ನೊಂದು ಹೆಣ್ಣುಮಕ್ಕಳನ್ನು ಹೆಂಗಸರೇ ವಿರಳವಾಗಿದ್ದ ಸಿಯಾಟಲ್‌ಗೆ ಕರೆತಂದ. ಅವರು ಹೊರಟದ್ದಕ್ಕೆ ಕಾರಣವನ್ನು ಹೃದಯದಲ್ಲಿ ಹುಡುಕಿದರೆ ಸಾಲದು, ಹತ್ತಿಯಲ್ಲೂ ಹುಡುಕಬೇಕು. ಅಂತರ್ಯುದ್ಧದಿಂದ ದಕ್ಷಿಣದ ಹತ್ತಿ ಬರುವುದು ನಿಂತು ಲೋವೆಲ್‌ನ ಗಿರಣಿಗಳು ಬಾಗಿಲು ಹಾಕಿದ್ದವು; ದುಡಿದು ತಿನ್ನುವ ಹುಡುಗಿಯರಿಗೆ ಕೆಲಸ ಬೇಕಿತ್ತು, ಸಿಯಾಟಲ್‌ನಲ್ಲಿ ಶಿಕ್ಷಕಿಯರ ಕೆಲಸವಿದೆ ಎಂದು ಕೇಳಿ ಹೊರಟರು. 1968ರಲ್ಲಿ ಶುರುವಾದ ‘ಹಿಯರ್ ಕಮ್ ದ ಬ್ರೈಡ್ಸ್’ ಎಂಬ ಟಿ.ವಿ. ಧಾರಾವಾಹಿ ಇದನ್ನು ಹಾಡು ನಗುವಿನ ವಧುಗಳ ಹಡಗಾಗಿಸಿತು. ಇದೇ ಮರ್ಸರ್ ಮುಂದೆ ವಯೋಮಿಂಗ್‌ಗೆ ಬಂದು ದನದ ವ್ಯಾಪಾರಿಗಳ ಪತ್ರಿಕೆ ನಡೆಸಿದ. ಕೊನೆಗೆ 1894ರಲ್ಲಿ ಜಾನ್ಸನ್ ಕೌಂಟಿಗೆ ನುಗ್ಗಿದ ಒಡೆಯರ ವಿರುದ್ಧವೇ ‘ಬ್ಯಾಂಡಿಟಿ ಆಫ್ ದ ಪ್ಲೇನ್ಸ್’ ಎಂಬ ಪುಸ್ತಕ ಬರೆದ. ಅದು ಓದುಗರ ಕೈಗೆ ಸಿಗದಂತೆ ಅದುಮಿಡುವ ಪ್ರಯತ್ನ ನಡೆಯಿತು. ಒಬ್ಬನೇ ಮನುಷ್ಯನ ಬದುಕಿನಲ್ಲಿ ಎರಡು ಕಥೆಗಳಿದ್ದವು. ಮನರಂಜನೆಯ ಲೋಕ ಮೊದಲನೆಯದನ್ನು ತೆಗೆದುಕೊಂಡು ಎರಡನೆಯದನ್ನು ಅಲ್ಲೇ ಬಿಟ್ಟಿತು.

ಐಡಹೋ ರಾಜ್ಯದ ಪಾಲಿ ಬೆಮಿಸ್‌ಳ ವಿಷಯದಲ್ಲಿ ಆದದ್ದು ಇನ್ನೂ ಸ್ಪಷ್ಟ. ಚೀನಾದಲ್ಲಿ ಹುಟ್ಟಿ, ಮಾರಾಟವಾಗಿ, 1872ರಲ್ಲಿ ವಾರೆನ್ ಎಂಬ ಗಣಿಯೂರಿಗೆ ಬಂದ ಹುಡುಗಿ. ಚಾರ್ಲಿ ಬೆಮಿಸ್ ಎಂಬವನು ಅವಳನ್ನು ಪೋಕರ್ ಜೂಜಿನಲ್ಲಿ ಗೆದ್ದ ಎಂಬ ದಂತಕಥೆ ಅವಳನ್ನು ‘ಪೋಕರ್ ವಧು’ ಮಾಡಿತು. ಇತಿಹಾಸಕಾರರಿಗೆ ಇದಕ್ಕೆ ಆಧಾರ ಸಿಕ್ಕಿಲ್ಲ. ದಾಖಲೆಯಲ್ಲಿ ಸಿಗುವುದು ಬೇರೆ: 1890ರಲ್ಲಿ ಜೂಜಿನ ಜಗಳದಲ್ಲಿ ಚಾರ್ಲಿಯ ಮುಖಕ್ಕೆ ಗುಂಡು ತಗುಲಿದಾಗ ಅವನನ್ನು ಆರೈಕೆ ಮಾಡಿ ಬದುಕಿಸಿದವಳು ಪಾಲಿ. 1894ರಲ್ಲಿ ಅವರು ಮದುವೆಯಾದರು. ಸಾಲ್ಮನ್ ನದಿಯ ದಂಡೆಯಲ್ಲಿ, ಹೊರಲೋಕದಿಂದ ದೂರ, ತೋಟ ಮಾಡಿಕೊಂಡು ಚಾರ್ಲಿ 1922ರಲ್ಲಿ ಸಾಯುವವರೆಗೂ ಒಟ್ಟಿಗೆ ಬಾಳಿದರು. ಚೀನೀ ಕಾರ್ಮಿಕರನ್ನು ದೇಶದೊಳಗೆ ಬಿಡದ 1882ರ ಕಾಯ್ದೆ, ಒಳಗಿರುವವರು ವಾಸದ ಪ್ರಮಾಣಪತ್ರ ಇಟ್ಟುಕೊಂಡಿರಲೇಬೇಕು ಎಂದ 1892ರ ಕಾಯ್ದೆ ಇವೆರಡರ ನೆರಳಿನಲ್ಲಿ ಆ ಮದುವೆ ನಡೆಯಿತು. ಎರಡು ಕಥೆಗಳಲ್ಲಿ ಯಾವುದು ಪ್ರಣಯ? ಜೂಜಿನಲ್ಲಿ ಗೆದ್ದದ್ದು ಎನ್ನುವ ಕಥೆ ಹೆಣ್ಣನ್ನು ಕೊಂಡವನನ್ನೂ ಮಾರಿದವನನ್ನೂ ಒಟ್ಟಿಗೆ ಖುಲಾಸೆ ಮಾಡುತ್ತದೆ. ವಿಧಿಯೇ ಅವರನ್ನು ಸೇರಿಸಿತು ಎನ್ನುವಂತೆ. ಗುಂಡಿನ ಗಾಯ ತೊಳೆದು, ಉಣಿಸಿ, ರಾತ್ರಿಯೆಲ್ಲ ಕಾದು ಕೂತವಳ ಕಥೆಯಲ್ಲಿ ಮಾತ್ರ ಇಬ್ಬರೂ ಒಬ್ಬರನ್ನೊಬ್ಬರು ಆರಿಸಿಕೊಳ್ಳುತ್ತಾರೆ.

ಇಷ್ಟು ಹೇಳಿದರೆ ಒಂದು ಆಕ್ಷೇಪ ಬರುತ್ತದೆ, ಅದು ತೂಕದ ಆಕ್ಷೇಪವೇ. ಜನ ಪ್ರಣಯ ಕಾದಂಬರಿ ಓದುವುದು ದಿನದ ದಣಿವು ಕಳೆಯಲು. ಸುಖಾಂತ ಬೇಕು ಎಂದೇ ಕೈಗೆತ್ತಿಕೊಳ್ಳುತ್ತಾರೆ. ಅವರ ಮೇಲೆ ಇತಿಹಾಸದ ಭಾರ ಏಕೆ ಹೊರಿಸಬೇಕು? ಕನ್ನಡದಲ್ಲೂ ಹೆಣ್ಣುಮಕ್ಕಳು ಬರೆದು ಹೆಣ್ಣುಮಕ್ಕಳು ಓದಿದ ಕಾದಂಬರಿಗಳನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಬದಿಗೆ ಸರಿಸಿದ ಕಾಲವಿತ್ತು. ಆ ತಾತ್ಸಾರಕ್ಕೆ ನನ್ನ ದನಿ ಸೇರಿಸಲಾರೆ. ಸುಖಾಂತವನ್ನು ಬಯಸುವುದು ಮನುಷ್ಯರ ಹಕ್ಕು. ನಾನು ಒಪ್ಪದಿರುವುದು, ಸುಖಾಂತಕ್ಕೆ ಸುಳ್ಳು ಬೇಕೇ ಬೇಕು ಎಂಬ ಊಹೆಯನ್ನು. ಬೆವರ್ಲಿ ಜೆಂಕಿನ್ಸ್ ಅವರ ಕೃತಿಗಳು ಈ ಊಹೆಯನ್ನು ಮೂವತ್ತು ವರ್ಷಗಳಿಂದ ಅಲ್ಲಗಳೆಯುತ್ತಾ ಬಂದಿವೆ. 1994ರಲ್ಲಿ ಬಂದ ಅವರ ‘ನೈಟ್ ಸಾಂಗ್’ ಕಾನ್ಸಾಸ್‌ನ ಒಂದು ಕಪ್ಪು ಜನರ ಊರಿನಲ್ಲಿ ನಡೆಯುತ್ತದೆ. ಗುಲಾಮಗಿರಿಯಿಂದ ಬಿಡುಗಡೆಯಾದವರು ತಮ್ಮದೇ ಊರು ಕಟ್ಟಿಕೊಳ್ಳಲು ಕಾನ್ಸಾಸ್‌ಗೆ ಬಂದದ್ದು ಇತಿಹಾಸ. 1877ರಲ್ಲಿ ಹುಟ್ಟಿದ ನಿಕೋಡಿಮಸ್ ಈಗಲೂ ಇದೆ. ನಾಯಕಿ ಶಿಕ್ಷಕಿ, ನಾಯಕ ಹತ್ತನೇ ಅಶ್ವದಳದ ಕಪ್ಪು ಸೈನಿಕ. ಆ ದಳ ನಿಜ, ಅಂಥ ಊರು ನಿಜ, ಪ್ರೇಮಿಗಳು ಕಲ್ಪಿತ. ಅವರ ಹಲವು ಕಾದಂಬರಿಗಳ ಕೊನೆಯಲ್ಲಿ ಇತಿಹಾಸದ ಪುಸ್ತಕಗಳ ಪಟ್ಟಿ ಇರುತ್ತದೆ. ಓದುಗರು ಪ್ರೀತಿಯನ್ನೂ ಓದಿದರು, ಪಟ್ಟಿಯನ್ನೂ ಓದಿದರು. 2017ರಲ್ಲಿ ಅಮೆರಿಕದ ಪ್ರಣಯ ಲೇಖಕರ ಸಂಘ ಅವರಿಗೆ ಜೀವಮಾನ ಸಾಧನೆಯ ಗೌರವ ಕೊಟ್ಟಿತು. ಜೆಂಕಿನ್ಸ್ ಅವರ ವಸ್ತುವಿನಲ್ಲೂ ಒಂದು ಕಷ್ಟದ ಗಂಟು ಇದೆ ಎಂಬುದನ್ನು ಹೇಳದಿರಲಾರೆ: ಆ ಕಪ್ಪು ಅಶ್ವದಳಗಳನ್ನು ಸರ್ಕಾರ ಮೂಲನಿವಾಸಿಗಳ ವಿರುದ್ಧದ ಯುದ್ಧಗಳಿಗೂ ಬಳಸಿತ್ತು. ಪಶ್ಚಿಮದ ಯಾವ ನೆಲದ ಮೇಲೆ ಮನೆ ಕಟ್ಟಿದರೂ ಅದರಡಿ ಇನ್ನೊಬ್ಬರ ನೆಲ ಇರುತ್ತದೆ. ಹೋಮ್‌ಸ್ಟೆಡ್‌ನ 160 ಎಕರೆಯೂ ಹಾಗೆಯೇ ಬಂದದ್ದು.

ಈ ಗಂಟು ಬಿಗಿಯಾಗಿ ಸಿಕ್ಕಿಕೊಂಡದ್ದು 2021ರಲ್ಲಿ. ಅದೇ ಲೇಖಕರ ಸಂಘ ಆ ವರ್ಷ ಧಾರ್ಮಿಕ ಅಂಶವುಳ್ಳ ಪ್ರಣಯ ಕಾದಂಬರಿಗಳ ವಿಭಾಗದಲ್ಲಿ ‘ಅಟ್ ಲವ್ಸ್ ಕಮಾಂಡ್’ ಎಂಬ ಕೃತಿಗೆ ಪ್ರಶಸ್ತಿ ಕೊಟ್ಟು, ಓದುಗರ ಮತ್ತು ಲೇಖಕರ ಪ್ರತಿಭಟನೆಯ ನಂತರ ಹಿಂದಕ್ಕೆ ಪಡೆಯಿತು. ಕಥೆ ಶುರುವಾಗುವುದು ವೂಂಡೆಡ್ ನೀ ಹತ್ಯಾಕಾಂಡದಿಂದ. ನಾಯಕ ಅಲ್ಲಿದ್ದ ಅಶ್ವದಳದ ಅಧಿಕಾರಿ. ಪಶ್ಚಾತ್ತಾಪಪಟ್ಟು ಸೇನೆ ಬಿಟ್ಟು, ಮುಂದೆ ಒಬ್ಬ ವೈದ್ಯೆಯ ಪ್ರೀತಿ ಪಡೆಯುತ್ತಾನೆ. 1890ರ ಡಿಸೆಂಬರ್ 29ರಂದು ದಕ್ಷಿಣ ಡಕೋಟಾದಲ್ಲಿ ನಡೆದದ್ದು ಇದು: ಶರಣಾಗಿ ಬಿಡಾರ ಹೂಡಿದ್ದ ಲಕೋಟಾ ಜನರ ಆಯುಧ ಕಸಿಯಲು ಹೋದ ಏಳನೇ ಅಶ್ವದಳ ಗುಂಡಿನ ಮಳೆಗರೆಯಿತು. ಸತ್ತವರ ಲೆಕ್ಕ ನೂರೈವತ್ತರಿಂದ ಮುನ್ನೂರರವರೆಗೆ ಹೇಳುತ್ತಾರೆ. ಅವರಲ್ಲಿ ಹೆಂಗಸರು ಮಕ್ಕಳು ಬಹಳ. ಹೆಪ್ಪುಗಟ್ಟಿದ ನೆಲದಲ್ಲಿ ಒಂದೇ ಗುಂಡಿ ತೋಡಿ 146 ಹೆಣ ಹೂತರು. ಸುಮಾರು ಇಪ್ಪತ್ತು ಸೈನಿಕರಿಗೆ ದೇಶದ ಅತ್ಯುನ್ನತ ಶೌರ್ಯ ಪದಕ ಕೊಟ್ಟರು.

ಕೃತಿಯ ಪರ ನಿಂತವರ ವಾದ ಎರಡು. ಪಾಪಿಯೊಬ್ಬ ಬದಲಾಗುವುದೇ ಇಂಥ ಕಥೆಯ ಜೀವಾಳ; ದೊಡ್ಡ ಪಾಪ ಇಲ್ಲದೆ ದೊಡ್ಡ ಕ್ಷಮೆ ಇಲ್ಲ. ಮತ್ತು, 1890ರ ಮನುಷ್ಯನನ್ನು ಇಂದಿನ ನ್ಯಾಯದಿಂದ ಅಳೆಯುವುದು ಸರಿಯಲ್ಲ. ಎರಡನೆಯದಕ್ಕೆ ಉತ್ತರ ಆ ಕಾಲದಲ್ಲೇ ಇದೆ. ಆ ಸೇನೆಯ ದಂಡನಾಯಕ ಜನರಲ್ ನೆಲ್ಸನ್ ಮೈಲ್ಸ್ ಸ್ವತಃ ಇದನ್ನು ಹೆಂಗಸರು ಮಕ್ಕಳ ಕಗ್ಗೊಲೆ ಎಂದು ಖಂಡಿಸಿ, ದಳದ ಮುಖ್ಯಸ್ಥನನ್ನು ಹುದ್ದೆಯಿಂದ ಇಳಿಸಿ ವಿಚಾರಣೆಗೆ ಆದೇಶಿಸಿದ್ದ. ಮೇಲಿನವರು ಆ ಮುಖ್ಯಸ್ಥನನ್ನು ಮತ್ತೆ ಕೂರಿಸಿದರು. ಎಲೆನ್ ವಾಟ್ಸನ್‌ಳ ಶವದ ಪಂಚರು ಕೂಡ 1889ರಲ್ಲೇ ಕೊಲೆಗಾರರ ಹೆಸರು ಬರೆದಿದ್ದರು. ಆ ಕಾಲದವರಿಗೆ ಗೊತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ನೋಡಿ ನೋಡಿಯೂ ಸುಮ್ಮನಾದವರಿದ್ದರು, ಸುಮ್ಮನಾಗದವರೂ ಇದ್ದರು. ಮೊದಲನೆಯ ವಾದ ಹೆಚ್ಚು ಗಟ್ಟಿ. ಕ್ಷಮೆಯ ಕಥೆ ಬರೆಯಬಾರದು ಎಂದು ನಾನು ಹೇಳಲಾರೆ. ಕ್ಷಮೆಯಿಲ್ಲದ ಸಾಹಿತ್ಯ ಬರಡು. ಆದರೆ ಕ್ಷಮಿಸುವವರು ಯಾರು? ವೂಂಡೆಡ್ ನೀಯಲ್ಲಿ ಕೂಸು ಕಳೆದುಕೊಂಡ ಲಕೋಟಾ ತಾಯಿ ಕಥೆಯಲ್ಲಿ ಬಾಯಿ ತೆರೆಯುವುದಿಲ್ಲ. ಅವಳ ಪರವಾಗಿ ಇನ್ನೊಬ್ಬ ಹೆಣ್ಣು, ಏನನ್ನೂ ಕಳೆದುಕೊಳ್ಳದವಳು, ಪ್ರೀತಿಸಿ ಕ್ಷಮಿಸಿಬಿಡುತ್ತಾಳೆ. ಮಾಲಿ ವುಡ್‌ಳ ಕುರ್ಚಿಯಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ನಂತರ ಈ ವೈದ್ಯೆ ಕೂತಿದ್ದಾಳೆ. ಲೇಖಕಿಯ ಉದ್ದೇಶ ಒಳ್ಳೆಯದೇ ಇದ್ದಿರಬಹುದು ಎಂದು ನಾನು ನಂಬುತ್ತೇನೆ. ಸಾಮಗ್ರಿ ಆಯ್ದ ರೀತಿಯಲ್ಲಿ ತಪ್ಪಿತ್ತು. ಆ ಕೊಲೆಯ ಹಿಮವನ್ನು ನಾಯಕನ ಮನಸ್ಸಿನ ಗಾಯಕ್ಕೆ ಬಣ್ಣವಾಗಿ ಬಳಸಿದರೆ ಸತ್ತವರು ಎರಡನೇ ಬಾರಿ ಕಾಣೆಯಾಗುತ್ತಾರೆ.

ಹಾಗಾದರೆ ಕಾದಂಬರಿಕಾರರ ಕೈಕಾಲು ಕಟ್ಟಿಹಾಕಿದಂತಾಗಲಿಲ್ಲವೇ ಎಂದು ಕೇಳಬಹುದು. ಇಲ್ಲ, ನಾನು ಕೇಳುವುದು ಒಂದು ಸರಳ ನಿಯಮ. ನಿಜದ ವ್ಯಕ್ತಿಯ ಹೆಸರು ತೆಗೆದುಕೊಂಡರೆ ಅವರ ಬದುಕನ್ನು ಸಾವಿನ ಸಮೇತ ತೆಗೆದುಕೊಳ್ಳಬೇಕು. ಅಷ್ಟು ಹೊರಲಾಗದಿದ್ದರೆ ಹೆಸರನ್ನು ಬಿಟ್ಟು ಸಂದರ್ಭವನ್ನು ತೆಗೆದುಕೊಳ್ಳಿ: ಕಾನೂನು, ಹವೆ, ಸಾಲ, ನೀರಿನ ಜಗಳ, ಬೇಲಿ. ಮೈಕೆಲ್ ಚಿಮಿನೊ 1980ರ ‘ಹೆವನ್ಸ್ ಗೇಟ್’ ಚಿತ್ರದಲ್ಲಿ ಇದರ ತದ್ವಿರುದ್ಧ ಮಾಡಿದ. ಆ ಚಿತ್ರ ಬಡ ವಲಸಿಗರ ಪರ, ಒಡೆಯರ ವಿರುದ್ಧ ನಿಲ್ಲುತ್ತದೆ. ಆದರೂ ಅದರಲ್ಲಿ ‘ಎಲ್ಲಾ ವಾಟ್ಸನ್’ ಎಂಬ ಹೆಸರಿನ ಪಾತ್ರ ವೇಶ್ಯಾಗೃಹದ ಒಡತಿ, ಕದ್ದ ದನಗಳನ್ನು ಹಣದ ಬದಲು ಪಡೆಯುವವಳು. ಒಡೆಯರನ್ನು ಖಂಡಿಸಲು ಹೊರಟ ಕೃತಿಯೂ ಅವರ ಪತ್ರಿಕೆ ಹೇಳಿದ ಸುಳ್ಳನ್ನೇ ನಾಯಕಿಯ ಬದುಕಾಗಿಸಿತು. ಹೆಸರನ್ನು ಉಳಿಸಿಕೊಂಡು ಬದುಕನ್ನು ಎಸೆದದ್ದರ ಫಲ ಇದು. ಎಲೆನ್‌ಳನ್ನೇ ನಾಯಕಿಯಾಗಿಸಿ ಸುಖಾಂತ ಬರೆಯಲು ಬರುವುದಿಲ್ಲ. ಬರೆದರೆ ಆರು ಜನ ನಿರ್ದೋಷಿಗಳಾಗುತ್ತಾರೆ. ಅವಳು ನಿಂತಿದ್ದ ಜಾಗದಲ್ಲಿ ಇನ್ನೊಬ್ಬ ಕಲ್ಪಿತ ಹೆಣ್ಣನ್ನು ನಿಲ್ಲಿಸಿ, ಅದೇ ಕಾನೂನು ಅದೇ ಹುಲ್ಲುಗಾವಲು ಕೊಟ್ಟು, ಅವಳು ಬದುಕಿ ಉಳಿಯುವಂತೆ ಬರೆಯಲು ಯಾವ ಅಡ್ಡಿಯೂ ಇಲ್ಲ.

ಅಂಥ ಕಾದಂಬರಿ ಎಲ್ಲಿಂದ ಶುರುವಾಗಬೇಕು ಎಂಬುದೂ ನನಗೆ ಕಾಣುತ್ತದೆ. ಒಂದು ಪುಟ್ಟ ಊರಿನ ಕಚೇರಿ, ಮೇ ತಿಂಗಳು. ಒಬ್ಬ ಗಂಡಸು, ಒಬ್ಬ ಹೆಂಗಸು ಗುಮಾಸ್ತನ ಮೇಜಿನ ಮುಂದೆ ನಿಂತಿದ್ದಾರೆ. ಹೆಸರು ಹೇಳಿ ಎನ್ನುತ್ತಾನೆ ಅವನು. ಹೆಂಗಸು ಒಂದು ಕ್ಷಣ ತಡೆದು, ಹುಟ್ಟುಹೆಸರನ್ನು ತುಸು ಬದಲಿಸಿ ಹೇಳುತ್ತಾಳೆ. ಪಕ್ಕದ ಗಂಡಸು ಅವಳ ಕಡೆ ತಿರುಗುವುದಿಲ್ಲ. ಏಕೆ ಬದಲಿಸಿದಳು ಎಂಬುದು ಅವನಿಗೆ ಗೊತ್ತು. ದಾರಿಯುದ್ದಕ್ಕೂ ಅವರಿಬ್ಬರೂ ಎಕರೆಗಳ ಲೆಕ್ಕ ಹಾಕಿಕೊಂಡೇ ಬಂದಿದ್ದಾರೆ.